ಕಾದಂಬರಿಯಲ್ಲಿ ಇಲ್ಲದ ಅಜ್ಜಿ

ಬಸವನಗುಡಿಯಲ್ಲಿ ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ ಅಂದರೆ ಮೊದಲು ಉಪ್ಪಿಟ್ಟು, ಕೇಸರಿಬಾತು, ಆಮೇಲೆ ಹೊಗಳಿಕೆ. ಉಪ್ಪಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ನಿವೃತ್ತಿಯಾದ ಮೇಲೆ ಹೊಸ ಕಾದಂಬರಿಗಳನ್ನು ಓದಿ ಪತ್ರಿಕೆಯೊಂದರ ಪುರವಣಿಗೆ ವಿಮರ್ಶೆ ಬರೆಯುತ್ತಿದ್ದೆ. ಆ ಅಂಕಣವೆಂದರೆ ನನಗೆ ಪ್ರಾಣ. "ಸ್ವಲ್ಪ ನಯವಾಗಿ ಬರೀರಿ ಮೇಡಂ, ಎಲ್ಲಾ ನಮ್ಮೋರೇ" ಎಂದು ಸಂಪಾದಕರು ಫೋನ್ ಮಾಡಿದಾಗಲೆಲ್ಲ, "ನಮ್ಮೋರು ಅಂತಾನೇ ಪೂರ್ತಿ ಓದ್ತೀನಿ ಸಾರ್" ಅನ್ನುತ್ತಿದ್ದೆ.

ಕಳೆದ ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರ ಮೊದಲ ಕಾದಂಬರಿ ಬಂತು. ಬಿಡುಗಡೆ ಮಾಡಿದವರು ಅದೇ ಸಂಪಾದಕರು. ಪುಸ್ತಕದ ಬಗ್ಗೆ ಮಾತಾಡಲು ಒಬ್ಬ ಪ್ರಾಧ್ಯಾಪಕರು ಮತ್ತು ನಾನು. ಪ್ರಾಧ್ಯಾಪಕರು ಎದ್ದು ಕಾದಂಬರಿಯ ಅಜ್ಜಿಯನ್ನು ಕೊಂಡಾಡಿದರು. ಎಂಥ ಗಟ್ಟಿ ಹೆಂಗಸು ಎಂದರು. ನಾನು ತಬ್ಬಿಬ್ಬಾದೆ. ಎರಡು ಸಲ ಓದಿದ್ದೆ; ಅದರಲ್ಲಿ ಅಜ್ಜಿಯೇ ಇರಲಿಲ್ಲ.

ಮಡಿಲಲ್ಲಿದ್ದ ಪ್ರತಿ ತೆರೆದೆ. ಅಜ್ಜಿ ಇದ್ದದ್ದು ನಾನು ಯಾವತ್ತೂ ಓದದೆ ದಾಟಿಬಿಡುವ ಮುನ್ನುಡಿಯಲ್ಲಿ! ಹಿರಿಯರೊಬ್ಬರು ಹಸ್ತಪ್ರತಿ ಓದಿ ಬರೆದುಕೊಟ್ಟಿದ್ದರು. ಆಮೇಲೆ ಲೇಖಕಿ ಕತೆ ತಿದ್ದುವಾಗ ಅಜ್ಜಿಯನ್ನು ತೆಗೆದಿರಬೇಕು. ಹಿರಿಯರ ಮುನ್ನುಡಿಯನ್ನು ತಿದ್ದುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಅದು ಹಾಗೇ ಅಚ್ಚಾಗಿತ್ತು. ಅಷ್ಟರಲ್ಲಿ ಸಂಪಾದಕರು ಎದ್ದು, ಆ ಅಜ್ಜಿ ಸಾಯುವ ಪುಟಗಳಲ್ಲಿ ಕಣ್ಣೀರು ತಡೆಯಲಾಗಲಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಲೇಖಕಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುಚುತ್ತಾ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಸರದಿ ಬಂತು. ಬಾಯಿ ಬಿಟ್ಟರೆ ಅಂಕಣ ಹೋಗುತ್ತದೆಂದು ಗೊತ್ತಿತ್ತು. ಹೋದರೆ ಹೋಗಲಿ.

"ಈ ಕಾದಂಬರಿಯಲ್ಲಿ ಅಜ್ಜಿ ಇಲ್ಲ. ಇರೋರ ಬಗ್ಗೆ ಮಾತಾಡ್ತೀನಿ" ಎಂದೆ. ಗಂಡ ತೀರಿಕೊಂಡ ವಾರವೇ ಕೆಲಸಕ್ಕೆ ಹೊರಡುವ ನಾಯಕಿಯನ್ನು ಮನಸಾರೆ ಮೆಚ್ಚಿದೆ. ಕೊನೆಯಲ್ಲಿ ಅವಸರಪಟ್ಟು ಎಲ್ಲರನ್ನೂ ರಾಜಿ ಮಾಡಿಸಿದ್ದು ಕೆಟ್ಟದಾಗಿದೆ ಎಂದೂ ಹೇಳಿದೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಶಾಲು ಹೊದಿಸುವಾಗ ಸಂಪಾದಕರು ನನ್ನ ಮುಖ ನೋಡಲಿಲ್ಲ.

ಹೊರಗೆ ಆಟೋ ಹತ್ತುತ್ತಿದ್ದಾಗ ಲೇಖಕಿ ಓಡಿ ಬಂದರು. ಬೈಯಲಿಕ್ಕೇ ಇರಬೇಕು ಅಂದುಕೊಂಡೆ.

"ಮೇಡಂ, ಅಜ್ಜಿ ಇಲ್ದೆ ಕತೆ ನಿಲ್ಲತ್ತಾ?"

"ಚೆನ್ನಾಗಿ ನಿಲ್ಲತ್ತೆ. ಕೊನೇಲಿ ಬೀಳತ್ತೆ."

ಅವರ ಕಣ್ಣು ತುಂಬಿತು. "ನಮ್ಮ ಮನೇಲೂ ಯಾರೂ ಓದಿಲ್ಲ ಮೇಡಂ. ಎಲ್ಲಿ ಬೀಳತ್ತೆ ಅಂತ ಸ್ವಲ್ಪ ಕೂತ್ಕೊಂಡು ಹೇಳ್ತೀರಾ?"

ಆಟೋದವರನ್ನು ಕಳಿಸಿಬಿಟ್ಟೆ. ಗಾಂಧಿ ಬಜಾರಿನಲ್ಲಿ ಕಾಫಿ ಮುಂದಿಟ್ಟುಕೊಂಡು ಪುಟ ಪುಟ ತಿರುವಿ ಹೇಳಿದೆ. ಅವರು ಎರಡು ಕಡೆ ಒಪ್ಪಲಿಲ್ಲ, ಜಗಳಕ್ಕೇ ನಿಂತರು. ನನಗೆ ಬಹಳ ಖುಷಿಯಾಯಿತು.

ಮುಂದಿನ ಭಾನುವಾರ ಪುರವಣಿಯಲ್ಲಿ ನನ್ನ ಅಂಕಣ ಇರಲಿಲ್ಲ. ಆ ಜಾಗದಲ್ಲಿ ಅದೇ ಕಾದಂಬರಿಗೆ ಬೇರೆಯವರು ಬರೆದ ವಿಮರ್ಶೆ ಇತ್ತು. ಪೂರ್ತಿ ಓದಿದೆ. ಅದರಲ್ಲೂ ಅಜ್ಜಿ ಇದ್ದಳು.

ಪೇಪರ್ ಮಡಿಸಿಟ್ಟು ಇನ್ನೊಂದು ಹೊಸ ಕಾದಂಬರಿ ತೆಗೆದೆ. ನನ್ನ ವಿಮರ್ಶೆ ಅಚ್ಚು ಹಾಕುವವರಿಲ್ಲದಿದ್ದರೇನು? ಪೆನ್ಸಿಲ್ ಹಿಡಿದು, ಮುನ್ನುಡಿ ದಾಟಿ ಮೊದಲನೇ ಪುಟಕ್ಕೆ ಹೋದೆ.