ನೀರುಕಾಗೆ ಬಿಡಿಸುತ್ತಿದ್ದ ಕಾಕಾ

ನಿನ್ನೆ ಅಣ್ಣಿಗೇರಿ ಸಂತೆಯಲ್ಲಿ ಒಬ್ಬಳು ಮೆಣಸಿನ ಸಸಿಗಳ ಮೇಲೆ ನೀಲಿ ನೈಲಾನ್ ಬಲೆಯ ತುಂಡೊಂದನ್ನು ಹೊದಿಸಿಟ್ಟಿದ್ದಳು. ಸರಿಸಿ ನೋಡಲು ಬಗ್ಗಿದೆ. ಒಣಮೀನು, ಕೆರೆಯ ಕೆಸರು... ಆ ವಾಸನೆ ಇನ್ನೂ ಹೋಗಿರಲಿಲ್ಲ. ಸಸಿ ಕೊಳ್ಳದೆ ಹಿಂದಿರುಗಿದೆ.

ಕಲಘಟಗಿ ಕಡೆಯ ಹಳ್ಳಿಯೊಂದರಲ್ಲಿ ನಾನು ನರ್ಸ್ ಆಗಿದ್ದಾಗ, ಕೆರೆ ಏರಿಯ ಮೇಲಿನ ಗುಡಿಸಲಲ್ಲಿ ಮೀನು ಹಿಡಿಯುವ ಕಾಕಾ, ಕಾಕಿ ಇದ್ದರು. ಆಗ ಅವರದು ಸ್ವಂತ ಬಲೆ, ಸ್ವಂತ ತೆಪ್ಪ. ಬೆಳಗಾದರೆ ನೀರುಕಾಗೆಗಳು ಗುಂಪಾಗಿ ಮುಳುಗುವ ಕಡೆಗೆ ಕಾಕಾ ತೆಪ್ಪ ತಿರುಗಿಸುತ್ತಿದ್ದರು. "ಮೀನ ಎಲ್ಲೈತಿ ಅಂತ ನನಗೇನ ಗೊತ್ತರಿ ಅಕ್ಕಾರ, ಅವು ತೋರಸ್ತಾವು," ಎನ್ನುತ್ತಿದ್ದರು. ಬಲೆ ಝಾಡಿಸುವಾಗ ಸಣ್ಣ ಮೀನುಗಳನ್ನು ಅವಕ್ಕೇ ಎಸೆಯುತ್ತಿದ್ದರು.

ಆಮೇಲೆ ಕೆರೆ ಗುತ್ತಿಗೆಗೆ ಹೋಯಿತು. ಗುತ್ತಿಗೆದಾರ ಮೀನುಮರಿ ಬಿಟ್ಟು, ಕಾಕಾ ಅವರನ್ನೇ ಕಾವಲಿಗೆ ಇಟ್ಟುಕೊಂಡ. ಮರಿ ಬಿಟ್ಟ ಮೂಲೆಗೆ ಹಕ್ಕಿ ಇಳಿಯದಂತೆ ನೀರಿನ ಮೇಲೆ ತೆಳ್ಳನೆಯ ಬಲೆ ಕಟ್ಟಿಸಿದ. ಕಟ್ಟಿದ್ದು ಕಾಕಾ ಅವರ ಕೈಯೇ. ಮರುದಿನದಿಂದಲೇ ಅದರಲ್ಲಿ ನೀರುಕಾಗೆಗಳು ಸಿಕ್ಕಿಬೀಳತೊಡಗಿದವು. ಬಿಡಿಸಲು ಹೋಗಿ, ಕೈಯೆಲ್ಲ ಕುಕ್ಕಿಸಿಕೊಂಡು ನನ್ನ ಬಳಿ ಪಟ್ಟಿ ಕಟ್ಟಿಸಲು ಬರುತ್ತಿದ್ದರು. ಎರಡು ಸಲ ಬಲೆ ಕತ್ತರಿಸಿಯೂ ಬಿಟ್ಟರು. ಇನ್ನೊಮ್ಮೆ ಕತ್ತರಿಸಿದರೆ ಗುಡಿಸಲು ಖಾಲಿ ಮಾಡಬೇಕೆಂದು ಗುತ್ತಿಗೆದಾರ ಹೇಳಿ ಹೋದ.

ಒಂದು ಬೆಳಿಗ್ಗೆ ಕಾಕಿಗೆ ಬಿಪಿ ಗುಳಿಗೆ ಕೊಡಲು ಹೋಗಿದ್ದೆ. ಕಾಕಾ ಎದೆಮಟ್ಟದ ನೀರಿನಲ್ಲಿ ನಿಂತು, ಒದ್ದಾಡುವ ಹಕ್ಕಿಯನ್ನು ಅವಚಿಕೊಂಡು ಒಂದೊಂದೇ ಎಳೆ ಬಿಡಿಸುತ್ತಿದ್ದರು.

"ಕತ್ತರಸಬ್ಯಾಡ್ರಿ!" ಏರಿಯ ಮೇಲಿಂದ ಕಾಕಿ ಕೂಗಿದರು. "ಈ ವಯಸ್ಸಿನ್ಯಾಗ ಎಲ್ಲೆ ಹೋಗೂಣು?"

"ಕತ್ತರಸಂಗಿಲ್ಲ ತಗೋ," ಎಂದರು ಕಾಕಾ.

ಅಷ್ಟರಲ್ಲಿ ಕಾಲ ಕೆಳಗಿನ ಕೆಸರು ಕುಸಿಯಿತು. ಅವರು ಬಿದ್ದರು, ಬಲೆ ಮೈಗೆ ಸುತ್ತಿಕೊಂಡಿತು. ಮೇಲೆದ್ದ ಮುಖ ಮತ್ತೆ ಮುಳುಗಿತು. ನಾನು ಉಟ್ಟ ಸೀರೆಯಲ್ಲೇ ಇಳಿದು, ಪಟ್ಟಿ ಕತ್ತರಿಸುವ ಕತ್ತರಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿದೆ. ಕಾಕಾ ಉಸಿರೆಳೆದುಕೊಂಡು ಮೇಲೆ ಬಂದರು. ಹಕ್ಕಿ ಅವರ ಕೈಯಲ್ಲೇ ಸತ್ತಿತ್ತು.

ಕತ್ತರಿಸಿದವಳು ನಾನು ಎಂದು ಗುತ್ತಿಗೆದಾರನಿಗೆ ನಾನೇ ಹೇಳಿದೆ. "ಯಾರ ಕತ್ತರಿಸಿದ್ರೇನ್ರಿ, ಬಲೆ ಹೋತಲ್ರಿ," ಎಂದ ಆತ.

ವಾರದೊಳಗೆ ಗುಡಿಸಲು ಖಾಲಿ ಮಾಡಬೇಕಾಯಿತು. ಆ ವಾರವಿಡೀ ನಾನು ಏರಿಯ ದಾರಿ ಬಿಟ್ಟು, ಊರು ಸುತ್ತು ಹಾಕಿ ಡ್ಯೂಟಿಗೆ ಹೋದೆ. ಹೊರಡುವ ದಿನ ಕಾಕಾ ತಾವೇ ದವಾಖಾನೆಗೆ ಬಂದು, ಹೊಸ್ತಿಲಾಚೆ ನಿಂತು, "ನೀವು ಇಳದ್ರಿ ಅಂತ ಉಳದೇನ್ರಿ ಅಕ್ಕಾರ. ಬರ್ತೇನ್ರಿ," ಎಂದರು. ಕಾಕಿಯ ಬಿಪಿ ಗುಳಿಗೆಗಳನ್ನು ಹೊಸ್ತಿಲಲ್ಲೇ ಅವರ ಕೈಗಿಟ್ಟೆ, ಒಳಗೆ ಕರೆಯಲಿಲ್ಲ.

ಅಳ್ನಾವರದಲ್ಲಿ ಮಗಳ ಮನೆ ಸೇರಿದರೆಂದು ಕೇಳಿದ್ದೆ. ಹೋಗಿ ಬರಬೇಕು ಎನ್ನುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಕಾಕಾ ತೀರಿಕೊಂಡರಂತೆ. ಆ ಸುದ್ದಿಯೂ ನನಗೆ ತಡವಾಗಿ ಮುಟ್ಟಿತು. ಬಲೆ ಕತ್ತರಿಸಿದ್ದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ. ಆ ಒಂದು ವಾರ ಅವರಿಗೆ ಮುಖ ತೋರಿಸದೆ ಇದ್ದುದಕ್ಕೆ ಇದೆ. ಅದನ್ನು ಹೇಳಿಕೊಳ್ಳಬೇಕಾಗಿದ್ದವರು ಈಗ ಇಲ್ಲ.