ಹೊಸಕೆರೆಹಳ್ಳಿಯ ಸೈಟಿನಲ್ಲಿ ಸಿಕ್ಕ ಹಣೆಯ ರೂಪಾಯಿ

ಮೊದಲು ರೇಟು ಹೇಳಿಬಿಡುತ್ತೇನೆ. ನೆಲದೊಳಗಿನ ಲೋಹ ಪತ್ತೆ ಮಾಡುವ ಆ ಮೆಷಿನ್ನಿಗೆ ನಾನು ಕೊಟ್ಟಿದ್ದು ಒಂಬೈನೂರು ರೂಪಾಯಿ. ದುಬೈಯಿಂದ ತಂದವನು ಸಾವಿರದ ಆರುನೂರು ಹೇಳಿದ್ದ. ಬ್ಯಾಟರಿ ಮುಚ್ಚಳ ಒಡೆದಿದೆ ಎಂದು ತೋರಿಸಿ, ಎರಡು ಸಲ ಎದ್ದು ಹೊರಟು, ಇಳಿಸಿದೆ. ಯಾಕೆ ಕೊಂಡೆ ಅಂದರೆ, ಎಂಬತ್ತರ ದಶಕದ ಆರಂಭದಲ್ಲಿ ಬನಶಂಕರಿಯ ಸುತ್ತ ಎಲ್ಲಿ ನೋಡಿದರೂ ಹೊಲ ಸಮ ಮಾಡಿ ಸೈಟು ಹಾಕುತ್ತಿದ್ದರು. ಕೆದಕಿದ ಮಣ್ಣಿನಲ್ಲಿ ಹಳೆಯ ಬೆಳ್ಳಿ ರೂಪಾಯಿ ಸಿಗುತ್ತಿತ್ತು. ಜಯನಗರದಲ್ಲಿ ನನ್ನದು ಹಳೆ ಪಾತ್ರೆ ಅಂಗಡಿ. ಸಂಜೆಯಾದರೆ ಇದೇ ಹುಚ್ಚು.

ಕಟ್ಟುಕತೆ ಅನ್ನುವವರು ಅನ್ನಲಿ. ಕತೆ ಕಟ್ಟಿ ನನಗೆ ಆಗಬೇಕಾದ್ದೇನೂ ಇಲ್ಲ.

ಅವತ್ತು ಹೊಸಕೆರೆಹಳ್ಳಿಯ ಒಂದು ಸೈಟಿಗೆ ಹೋಗಿದ್ದೆ. "ಇವತ್ತೇ ನೋಡ್ಕೊಳಿ ಅಣ್ಣ, ಬೆಳಿಗ್ಗೆ ಕಾಂಕ್ರೀಟ್ ಬೀಳುತ್ತೆ" ಎಂದು ಹೇಳಿ ಮೇಸ್ತ್ರಿ ಮನೆಗೆ ಹೊರಟ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡೆಯಬೇಕು. ಕಬ್ಬಿಣವಾದರೆ ಕರಕರ ಸದ್ದು, ಬೆಳ್ಳಿಯಾದರೆ ಸಣ್ಣ ಸಿಳ್ಳೆ. ಕತ್ತಲಾಗುವ ಹೊತ್ತಿಗೆ ಸಿಳ್ಳೆ ಕೇಳಿಸಿತು. ಮೊಣಕೈಯುದ್ದ ಅಗೆದೆ... ಒಂದು ರೂಪಾಯಿ!

ತಲೆಯೆತ್ತಿದರೆ ಎದುರಿಗೆ ಒಬ್ಬ ಮುದುಕಿ.

"ಏನ್ ಸಿಕ್ತಪ್ಪಾ?"

"ಮೊಳೆ ಕಣಜ್ಜಿ."

ಸಿಕ್ಕಿದ್ದನ್ನು ಹೇಳಬಾರದು, ಅಗೆದ ಗುರುತು ಬಿಡಬಾರದು. ಇಲ್ಲದಿದ್ದರೆ ಮರುದಿನ ಇನ್ನೊಬ್ಬ ಬಂದು ಅಗೆಯುತ್ತಾನೆ. ಇದು ನನ್ನ ವ್ಯಾಪಾರಿ ಬುದ್ಧಿ. ಗುಂಡಿ ಮುಚ್ಚಿ, ತುಳಿದು, ಮೇಲೆ ಒಣಮಣ್ಣು ಎರಚಿ ಬಂದೆ.

ಮನೆಯಲ್ಲಿ ಒರಳುಕಲ್ಲಿನ ಮೇಲೆ ಬೀಳಿಸಿ ನೋಡಿದೆ. ಟಣ್ಣೆಂದು ಸದ್ದು ಎಳೆದು ನಿಂತಿತು, ಅಸಲಿ ಬೆಳ್ಳಿ. ವಿಕ್ಟೋರಿಯಾ ರಾಣಿಯ ಮುಖ, ಪಕ್ಕದಲ್ಲಿ 'ಎಂಪ್ರೆಸ್' ಎಂದು ಅಕ್ಷರ. ಅಂಚಿನಲ್ಲಿ ಮಾತ್ರ ಬೆಸುಗೆಯ ಗಂಟು. ಯಾರೋ ಕೊಂಡಿ ಹಾಕಿಸಿ ಸರದಲ್ಲಿ ಪೋಣಿಸಿದ್ದ ನಾಣ್ಯ. ಬೆಲೆ ಅರ್ಧ ಹೋಯಿತಲ್ಲ ಎಂದುಕೊಳ್ಳುತ್ತ ಹುಣಸೆಹಣ್ಣು ಹಚ್ಚಲು ಕೂತೆ.

ಹೆಂಡತಿ ಸರೋಜ ದೀಪದ ಹತ್ತಿರ ಹಿಡಿದು ನೋಡಿದಳು.

"ರೀ... ಇಲ್ಲಿ ಸಿಕ್ಕೊಂಡಿರೋದು ಕೂದ್ಲು."

"ಮಣ್ಣಲ್ಲಿ ಏನೇನೋ ಇರುತ್ತೆ ಕಣೇ."

"ಹಿಂದ್ಗಡೆ ಅರಿಶಿನ ಮೆತ್ಕೊಂಡಿದೆ ನೋಡಿ. ಹೆಣದ ಹಣೆಗೆ ಅಂಟಿಸ್ತಾರಲ್ಲ, ಆ ರೂಪಾಯಿ ಇದು. ಈಗ್ಲೇ ಹೋಗಿ ಇಟ್ಬನ್ನಿ."

"ಬೆಳಿಗ್ಗೆ ಹೋಗ್ತೀನಿ..."

"ಬೆಳಿಗ್ಗೆ ಕಾಂಕ್ರೀಟ್ ಅಂದ್ರಲ್ಲ! ಹೂಂ, ಅದರ ಮೇಲೆ ಇಟ್ಟು ಕೈಮುಗಿದು ಬರ್ತೀರಾ?"

ಮೆಷಿನ್ನೂ ಗುದ್ದಲಿಯೂ ಕಟ್ಟಿಕೊಂಡು ಸೈಕಲ್ ತುಳಿದೆ. ಕೆರೆಯ ಕೊಳೆತ ಜೊಂಡಿನ ವಾಸನೆ, ಕಪ್ಪೆಗಳ ಸದ್ದು. ಸೈಟಿನೊಳಗೆ ಕಾಲಿಟ್ಟ ತಕ್ಷಣ ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಅಲ್ಲಿ ಒಂದು ಲಾಟೀನು. ಅದೇ ಮುದುಕಿ.

"ಮೊಳೆ ವಾಪಸ್ ಇಡಕ್ ಬಂದ್ಯಾ?"

ನಾನು ಗುದ್ದಲಿ ಕೆಳಗಿಟ್ಟೆ.

"ಅಂಚಲ್ಲಿ ಕೊಂಡಿ ಕಿತ್ತ ಗುರ್ತೈತಾ?"

ನಾಣ್ಯ ಇನ್ನೂ ನನ್ನ ಜೇಬಿನಲ್ಲಿತ್ತು... ತೆಗೆದು ಅವಳ ಕೈಗಿಟ್ಟೆ. ಹೆಬ್ಬೆರಳಿನಿಂದ ಅಂಚು ಸವರಿದಳು.

"ನನ್ ಕತ್ತಿಂದ ಕಿತ್ತು ಮಗೀನ್ ಹಣೆಗಿಟ್ಟಿದ್ದೆ. ಆರ್ ವರ್ಷ ಅವ್ಳಿಗೆ. ಇದು ನಮ್ದೇ ಹೊಲ, ಬದೂನಾಗೇ ಹೂತಿದ್ದು. ಬುಲ್ಡೋಜರ್ ಬಂದ್ಮೇಲೆ ಗುರ್ತೇ ಇಲ್ದಂಗಾಯ್ತು. ಎಲ್ಲಿ ಅಗ್ದೆ, ತೋರ್ಸಪ್ಪ. ಕಾಂಕ್ರೀಟ್ ಬೀಳೋ ಮುಂಚೆ ಒಂದ್ ಹಿಡಿ ಮಣ್ಣಾದ್ರೂ ತಕ್ಕಂಡೋಗಿ ಅವ್ರಪ್ಪನ್ನ ಮಣ್ಮಾಡಿರೋ ಗುಡ್ಡೆ ಪಕ್ಕ ಹಾಕ್ತೀನಿ."

ಎಲ್ಲಿ ಅಗೆದಿದ್ದೆನೆಂದು ನನಗೇ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದೆ! ನಾಲ್ಕು ಕಡೆ ಅಗೆದೆ, ಬರೀ ಗಟ್ಟಿ ಮಣ್ಣು. ಸಂಜೆ ನಿಜ ಹೇಳಿದ್ದರೆ ಒಂದು ನಿಮಿಷದ ಕೆಲಸ.

ಬೇರೆ ದಾರಿ ಕಾಣದೆ ಮೆಷಿನ್ ಹಿಡಿದು ಸುತ್ತಿದೆ. ನಾಣ್ಯವಿದ್ದದ್ದು ಅವಳ ಮುಷ್ಟಿಯಲ್ಲಿ. ನೆಲದೊಳಗೆ ಸದ್ದು ಮಾಡುವಂಥದ್ದು ಏನೂ ಇರಲಿಲ್ಲ. ಆದರೂ ಒಂದು ಮೂಲೆಯಲ್ಲಿ ಸಿಳ್ಳೆ ಶುರುವಾಯಿತು. ಸಣ್ಣಗೆ, ಎಳೆದು...

ಹೆಡ್‌ಫೋನ್ ತೆಗೆದೆ. ಸಿಳ್ಳೆ ನಿಲ್ಲಲಿಲ್ಲ.

"ಅಲ್ಲೇ" ಅಂದಳು ಅಜ್ಜಿ. ಅವಳಿಗೂ ಕೇಳಿಸುತ್ತಿತ್ತು.

ಅಗೆದೆ. ಲೋಹದ ಚೂರೂ ಇಲ್ಲ. ಮೂರು ಗಾಜಿನ ಬಳೆ ಸಿಕ್ಕವು. ನನ್ನ ನಾಲ್ಕು ಬೆರಳೂ ಒಟ್ಟಿಗೆ ತೂರದಷ್ಟು ಚಿಕ್ಕವು. ಸಿಳ್ಳೆ ಆಗ ನಿಂತಿತು.

ಅಜ್ಜಿ ಅಳಲಿಲ್ಲ. ಬಳೆಯನ್ನೂ ಮಣ್ಣನ್ನೂ ಸೆರಗಿಗೆ ಕಟ್ಟಿಕೊಂಡಳು. "ಕಾಸು ಅವ್ಳ ಹಣೇಲೇ ಇರ್ಲಿ" ಎಂದು ನಾಣ್ಯವನ್ನು ಗುಂಡಿಗೆ ಬಿಟ್ಟಳು. ನನ್ನ ಕೈಯಾರೆ ಮುಚ್ಚಿದೆ.

ಸಮಾಧಾನಕ್ಕೆಂದು ಅದರ ಮೇಲೆ ಮೆಷಿನ್ ಆಡಿಸಿದೆ. ಸದ್ದಿಲ್ಲ. ಇನ್ನೊಮ್ಮೆ ಆಡಿಸಿದೆ. ಇಲ್ಲ. ಕೈಯಿಂದ ಮಣ್ಣು ತೋಡಿದೆ, ಹಿಡಿಹಿಡಿಯಾಗಿ ಜಾಲಾಡಿದೆ... ನಾಣ್ಯ ಇರಲಿಲ್ಲ.

"ತಕ್ಕಂಡ್ಲು. ಬುಡಪ್ಪ" ಎಂದು ಅಜ್ಜಿ ಲಾಟೀನು ಎತ್ತಿಕೊಂಡು ಊರಿನ ಕಡೆ ನಡೆದಳು.

ಬೆಳಿಗ್ಗೆ ಎಂಟಕ್ಕೆ ಕಾಂಕ್ರೀಟ್ ಬಿತ್ತು. ಈಗ ಅಲ್ಲಿ ಎರಡಂತಸ್ತಿನ ಮನೆಯಿದೆ. ಆ ಮೂಲೆಯ ಕೋಣೆಯಲ್ಲಿ ಯಾರು ಮಲಗುತ್ತಾರೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹಳೆ ನಾಣ್ಯದ ಹವ್ಯಾಸ ಇರುವವರಿಗೆ ನನ್ನ ಮಾತು ಇಷ್ಟೇ. ಸಿಕ್ಕಿದ್ದನ್ನು ಹುಣಸೆಹಣ್ಣಿನಲ್ಲಿ ಉಜ್ಜಬೇಡಿ; ಬೆಲೆಯೂ ಹೋಗುತ್ತದೆ, ಗುರುತೂ ಹೋಗುತ್ತದೆ. ಒಂದು ಬದಿಗೆ ಅರಿಶಿನ ಕಂಡರೆ ಅಲ್ಲೇ ಬಿಟ್ಟುಬಿಡಿ. ಅಗೆದ ಜಾಗದಲ್ಲಿ ಒಂದು ಕಡ್ಡಿಯನ್ನಾದರೂ ನೆಡಿ. ಪಕ್ಕದಲ್ಲಿ ನಿಂತವರು ಏನು ಸಿಕ್ಕಿತು ಎಂದು ಕೇಳಿದರೆ ನಿಜ ಹೇಳಿ... ಅವರು ಎಷ್ಟು ದಿನದಿಂದ ಅಲ್ಲಿ ನಿಂತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.