ಹಸಿರು ಟವಲ್ ಎಂಬ ಫೈಲು

ಕೃಷ್ಣರಾಜಪುರದಲ್ಲಿ ಸರ್ಕಾರಿ ಕಚೇರಿಯೊಂದರ ಹಿಂದಿನ ಗಲ್ಲಿಯಲ್ಲಿ ನಾನು ಜೆರಾಕ್ಸ್ ತೆಗೆಯುತ್ತೇನೆ. ಅದೇ ಶೀಟಿನ ಮಾಡಿನ ಕೆಳಗೆ, ನನ್ನ ಯಂತ್ರದ ಬಿಸಿ ತಾಗುವಷ್ಟು ಹತ್ತಿರ, ಗೋವಿಂದಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ವಯಸ್ಸು ಐವತ್ತೆಂಟು. ಹಲಸೂರಿನಲ್ಲಿ ಟೈಪಿಂಗ್ ಕಲಿತು, ಮೂವತ್ತು ವರ್ಷದಿಂದ ಬೇರೆಯವರ ಅರ್ಜಿಗಳನ್ನು ತುಂಬುತ್ತಿದ್ದಾರೆ. ಇವತ್ತಿಗೂ ಅವರು ಕೀಲಿಗಳನ್ನು ಒತ್ತುವುದಿಲ್ಲ, ಹೊಡೆಯುತ್ತಾರೆ.

ಮಧ್ಯಾಹ್ನ ಜನ ಕಡಿಮೆಯಾದಾಗ ಡಬ್ಬಿ ತೆರೆದು ಕೂತರೆ ಅವರ ಮಾತೆಲ್ಲ ಆ ಪರದೆಯೊಳಗಿನ ಸಾಮಾನುಗಳದ್ದೇ. ನೋಟ್‌ಪ್ಯಾಡ್ ಕಂಡರೆ ಅವರಿಗೆ ಪ್ರೀತಿ. "ಅದೊಂದೇ ಕಣೇ, ಇಷ್ಟು ವರ್ಷದಲ್ಲಿ ನನ್ನ ಏನೂ ಕೇಳಿಲ್ಲ. ಬರಿ ಅಂದ್ರೆ ಬರಿಯುತ್ತೆ." ಕಾಪಿ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಸಣ್ಣ ಪ್ರೋಗ್ರಾಮ್ ಒಂದಿತ್ತು, ವಿಳಾಸ, ಪಿನ್ ಕೋಡು ಎಲ್ಲ ಅದರಲ್ಲೇ. ಅದರ ಬಗ್ಗೆ ಗೌರವ. ಪಿಡಿಎಫ್ ಕುಗ್ಗಿಸುವುದರ ಬಗ್ಗೆ ಸುಸ್ತು: "ಇನ್ನೂರು ಕೆಬಿ ಒಳಗೆ ಇರ್ಬೇಕಂತೆ. ಮನುಷ್ಯ ಬದುಕಿದ್ದಾನೆ ಅನ್ನೋದಕ್ಕೆ ಇನ್ನೂರು ಕೆಬಿ." ಕಂಪ್ಯೂಟರ್ ಶುಚಿ ಮಾಡುತ್ತೇನೆಂದು ಬರುವ ಸಾಫ್ಟ್‌ವೇರ್‌ಗಳನ್ನು ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. "ಗುಡಿಸ್ತೀನಿ ಅಂತ ಒಳಗೆ ಬಂದು ಬೀರು ತೆಗೆಯೋ ಜಾತಿ ಅವು."

ಎಲ್ಲಕ್ಕಿಂತ ಹೆಚ್ಚು ನೆಚ್ಚಿದ್ದು ಫೈಲು ಹುಡುಕುವ ಪ್ರೋಗ್ರಾಮನ್ನು. ಎರಡಕ್ಷರ ಹೊಡೆದರೆ ಬೇಕಾದ್ದು ಎದುರಿಗೆ. ಆದರೆ ಇಲ್ಲಿ ಹೆಸರಿಟ್ಟು ಹುಡುಕಿದರೆ ಇಪ್ಪತ್ತು ಮುನಿಯಮ್ಮಂದಿರು, ಹದಿನೈದು ವೆಂಕಟಪ್ಪಂದಿರು ಸಾಲಾಗಿ ನಿಲ್ಲುತ್ತಾರೆ. ಹಾಗಾಗಿ ಬಂದವರ ಮೈಮೇಲಿದ್ದುದನ್ನೇ ಫೈಲಿನ ಹೆಸರು ಮಾಡುವುದು ಅವರ ಪದ್ಧತಿ. ಕೆಂಪು ಚೀಲ. ಹಳದಿ ಸೀರೆ. ಅರ್ಜಿಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಅದನ್ನೇ ಬರೆದಿಡುತ್ತಿದ್ದರು.

ಒಂದೇ ಒಂದರ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಪರದೆಯನ್ನು ದೊಡ್ಡದು ಮಾಡುವ ಭೂತಗನ್ನಡಿ. ಎರಡು ವರ್ಷದ ಹಿಂದೆ ಅದು ಒಂದೂವರೆ ಪಟ್ಟು ಇತ್ತು. ಈ ಬೇಸಿಗೆಗೆ ನಾಲ್ಕು ಪಟ್ಟಾಗಿತ್ತು. ಅರ್ಜಿಯ ಒಂದು ಚೌಕ ಕಂಡರೆ ಪಕ್ಕದ ಚೌಕ ಕಾಣುತ್ತಿರಲಿಲ್ಲ. ಯಾರಾದರೂ ಬಗ್ಗಿ ನೋಡಿದರೆ ಸರಕ್ಕನೆ ಚಿಕ್ಕದು ಮಾಡಿಬಿಡುತ್ತಿದ್ದರು. ಕಣ್ಣಿಗೆ ಪೊರೆ ಬಂದಿದೆ, ತೆಗೆಸಿ ಎಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೆ ಗೊತ್ತಿತ್ತು.

"ಎದುರುಗಡೆ ಇದೇ ಕೆಲಸದ್ದು ಎರಡು ಅಂಗಡಿ ಆಗಿದೆ ನೋಡು," ಎಂದಿದ್ದರು ಒಮ್ಮೆ. "ಹದಿನೈದು ದಿನ ಈ ಕುರ್ಚಿ ಖಾಲಿ ಬಿಟ್ರೆ ಮತ್ತೆ ಯಾರೂ ಈ ಕಡೆ ತಿರುಗಲ್ಲ. ಕಣ್ಣು ಕಾಣ್ದಿರೋಳು ಅಂತ ಗೊತ್ತಾದ್ರಂತೂ ಮುಗೀತು."

ಕಳೆದ ಗುರುವಾರ ಪಿಳ್ಳಪ್ಪ ಬಂದರು. ವಾರದ ಹಿಂದೆ ಇಲ್ಲೇ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿಸಿದ್ದವರು. ಕೈಯಲ್ಲಿ ಅದೇ ಅರ್ಜಿಯ ಪ್ರಿಂಟು.

"ಅಮ್ಮಣ್ಣಿ, ಇದ್ಯಾರಮ್ಮ ನನ್ನೆಸ್ರಲ್ಲಿ ಕುಂತವ್ನೆ? ನನಗಿಂತ ಚೆಂದಾಗವ್ನೆ, ಅದ್ಬೇರೆ ಮಾತು."

ಗೋವಿಂದಮ್ಮ ಕಾಗದವನ್ನು ಮೂಗಿನ ಹತ್ತಿರ ಹಿಡಿದರು. ಹೆಸರು ಪಿಳ್ಳಪ್ಪನವರದು. ಮುಖ ಬೈಲಪ್ಪನದು. ಅದೇ ದಿನ, ಅದೇ ಕೆಲಸಕ್ಕೆ ಬಂದಿದ್ದ ಇನ್ನೊಬ್ಬ ಮುದುಕ.

"ಇವತ್ತು ಸಾಯಂಕಾಲದೊಳಗೆ ಸರಿ ಮಾಡಿ ಕಳ್ಸದಿದ್ರೆ ವಜಾ ಅಂತೆ," ಎಂದರು ಪಿಳ್ಳಪ್ಪ.

ಏನಾಯಿತೆಂದು ನನಗೆ ಆಗಲೇ ಹೊಳೆಯಿತು. ಪಿಳ್ಳಪ್ಪನ ಹೆಗಲ ಮೇಲಿನ ಟವಲ್ ಹಸಿರು. ಬೈಲಪ್ಪ ಅವತ್ತು ಹೊದ್ದಿದ್ದದ್ದು ನೀಲಿ. ಗೋವಿಂದಮ್ಮನಿಗೆ ಎರಡೂ ಹಸಿರಾಗಿ ಕಂಡಿವೆ. ಮೊದಲು ಪಿಳ್ಳಪ್ಪನ ಫೋಟೊ ತೆಗೆದು 'ಹಸಿರು ಟವಲ್' ಎಂದು ಇಟ್ಟಿದ್ದಾರೆ. ಆಮೇಲೆ ಬೈಲಪ್ಪನದಕ್ಕೂ ಅದೇ ಹೆಸರು. ಈ ಹೆಸರಿನ ಫೈಲು ಈಗಾಗಲೇ ಇದೆ, ಅದರ ಮೇಲೆ ಇದನ್ನು ಹಾಕಲೇ ಎಂದು ಕಂಪ್ಯೂಟರು ಕೇಳಿದೆ. ದಿನಕ್ಕೆ ನೂರು ಸಲ ಕೇಳುವ ಯಂತ್ರಕ್ಕೆ ಅವರು ಹೂಂ ಎಂದಿದ್ದಾರೆ. ಸರ್ವರ್ ಸತ್ತಿದ್ದರಿಂದ ಅರ್ಜಿಗಳು ಹೋದದ್ದು ಮಾರನೆಯ ದಿನ, ಮುದುಕರಿಬ್ಬರೂ ಎದುರಿಗಿಲ್ಲದಾಗ. ಎರಡು ಅರ್ಜಿಗೂ ಸಿಕ್ಕಿದ್ದು ಆ ಒಂದೇ ಫೋಟೊ.

"ಕೂತ್ಕೊಳಿ. ಹೊಸ ಫೋಟೊ ತೆಗೀತೀನಿ," ಎಂದರು ಗೋವಿಂದಮ್ಮ. ಪಿಳ್ಳಪ್ಪ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಬಾಯಿ ಮುಚ್ಚಿ, ಕಣ್ಣರಳಿಸಿದರು. ಫೋಟೊ ಬಂತು. ಹೆಸರು ಕೊಡುವ ಜಾಗದಲ್ಲಿ ಗೋವಿಂದಮ್ಮನ ಬೆರಳುಗಳು ನಿಂತುಬಿಟ್ಟವು.

"ನಿಮ್ಮ ಟವಲ್ ಯಾವ ಬಣ್ಣ?"

ಪಿಳ್ಳಪ್ಪ ನಕ್ಕರು. "ಎದುರಿಗೇ ಕುಂತಿವ್ನಲ್ಲ, ಕಾಣಾಕಿಲ್ವಾ?"

ಸರತಿಯಲ್ಲಿ ನಾಲ್ಕೈದು ಜನ ನಿಂತಿದ್ದರು. ಯಂತ್ರದಲ್ಲಿ ಹಾಳೆ ಸಿಕ್ಕಿಕೊಂಡಂತೆ ನಟಿಸಿ ನಾನು ತಲೆ ತಗ್ಗಿಸಿದೆ.

"ಇಲ್ಲ," ಎಂದರು ಗೋವಿಂದಮ್ಮ. "ಕಾಣಲ್ಲ."

ತೂಗುಸೇತುವೆಯ ಕಡೆಯಿಂದ ಬಸ್ಸುಗಳ ಹಾರ್ನು ಕೇಳುತ್ತಲೇ ಇತ್ತು.

"ಹಸಿರು," ಎಂದರು ಪಿಳ್ಳಪ್ಪ, ಈಗ ಮೆಲ್ಲಗೆ. "ನನಗೂ ಹಂಗೇ ಆಗಿತ್ತಮ್ಮಣ್ಣಿ. ಎಡಗಣ್ಣು ತೆಗ್ಸಿದ್ಮ್ಯಾಕೆ ಗೊತ್ತಾಗಿದ್ದು, ನಮ್ಮನೆ ಗೋಡೆ ಎಷ್ಟು ಕೊಳೆ ಅಂತ."

ಸರತಿಯಲ್ಲಿ ಒಬ್ಬಾಕೆ ನಕ್ಕಳು. ಇಬ್ಬರು ಫೈಲು ಕಂಕುಳಲ್ಲಿಟ್ಟುಕೊಂಡು ಎದುರಿನ ಅಂಗಡಿಗೆ ದಾಟಿದರು. ಗೋವಿಂದಮ್ಮ ಭೂತಗನ್ನಡಿಯನ್ನು ಚಿಕ್ಕದು ಮಾಡಲಿಲ್ಲ. ಎಲ್ಲರೆದುರೇ ನಾಲ್ಕು ಪಟ್ಟಿನ ಅಕ್ಷರಗಳಲ್ಲಿ ಪಿಳ್ಳಪ್ಪನವರ ಪೂರ್ತಿ ಹೆಸರು, ಊರು, ಫೋನ್ ನಂಬರು ಹೊಡೆದು ಫೋಟೊ ಉಳಿಸಿದರು. ನಾಲ್ಕೂವರೆಗೆ ಅರ್ಜಿ ಹೋಯಿತು.

ಹೊರಡುವ ಮುನ್ನ ನೋಟ್‌ಪ್ಯಾಡ್ ತೆರೆದು ಎರಡು ಸಾಲು ಹೊಡೆದರು. ಕಣ್ಣಿನ ಆಪರೇಷನ್. ಹದಿನೈದು ದಿನ ಅಂಗಡಿ ಇರುವುದಿಲ್ಲ.

"ಎರಡು ಪ್ರತಿ ತೆಗಿ. ಒಂದು ಇಲ್ಲಿ ಅಂಟಿಸು, ಒಂದು ಗಲ್ಲಿ ಬಾಯಲ್ಲಿ."

"ಯಾವ ಬಣ್ಣದ ಹಾಳೆ ಅಕ್ಕ?"

"ಯಾವ್ದಾದ್ರೂ ಹಾಕು. ಓದೋರು ನೀವೇ ತಾನೆ."

ಸೋಮವಾರದಿಂದ ಕುರ್ಚಿ ಖಾಲಿ. ಬಂದವರು ಹಾಳೆ ಓದಿ, ಹೆಚ್ಚಿನವರು ಎದುರಿನ ಅಂಗಡಿಗೆ ಹೋಗುತ್ತಾರೆ. ಕೆಲವರು ನನ್ನನ್ನು ಯಾವತ್ತು ಬರುತ್ತಾರೆಂದು ಕೇಳುತ್ತಾರೆ. ಹಾಗೆ ಕೇಳಿದವರ ಹೆಸರು, ಫೋನ್ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಇವತ್ತಿಗೆ ಏಳು ಜನ.